ಬೂದಿಯೊಳಗಿನ ಚೂರು

ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಹಗರಿಬೊಮ್ಮನಹಳ್ಳಿ ಎಂದು ಓದಿದ ಕೂಡಲೇ ಆ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಬೇಕಾಗಿತ್ತೇನೋ. ನಾನು ಕೊಟ್ಟೂರಿನವನು. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವುದು ನನ್ನ ಕೆಲಸ. ಹಗಲು ಅಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ನಮ್ಮ ಸೀಮೆಯ ಹೆಸರು ಕಂಡರೆ ಮನಸ್ಸು ಒಂದು ಕಡೆಗೆ ವಾಲುತ್ತದೆ ಎಂಬ ಅಂಜಿಕೆ ನನಗೆ ಆಗಲೇ ಇತ್ತು. ಆದರೂ ಬಾಟಲಿಯನ್ನು ಕೈಗೆ ತೆಗೆದುಕೊಂಡೆ.

ಬಾಟಲಿಯ ಜೊತೆ ಬಂದ ಕಾಗದದಲ್ಲಿ ವಿಷಯ ಇಷ್ಟಿತ್ತು. ಕೋಗಳಿಯ ಆಚೆಗಿನ ಒಂದು ಊರಿನ ಬಾಲವಾಡಿಯಲ್ಲಿ ಮಕ್ಕಳಿಗೆ ಹೆಸರುಕಾಳಿನ ಗುಗ್ಗರಿ ಕೊಟ್ಟಿದ್ದರು. ಒಂದು ಹುಡುಗಿಯ ವಸಡಿಗೆ ಏನೋ ಚುಚ್ಚಿ ರಕ್ತ ಬಂತು. ಪಾತ್ರೆಯ ತಳದಲ್ಲಿ ಮರಳಿನಂಥ ಬಿಳಿಯ ಗರಸು ಉಳಿದಿತ್ತು. ಅಡುಗೆಯಾಕೆ ದುರುಗಮ್ಮ ಗಾಜು ಅರೆದು ಹಾಕಿದ್ದಾಳೆ ಎಂದು ಊರಿನ ಕೆಲವರು ಅರ್ಜಿ ಕೊಟ್ಟರು. ಮೊದಲು ಪರೀಕ್ಷೆ ಮಾಡಿದವರು ಸಿಲಿಕಾ ಹೆಚ್ಚಾಗಿದೆ, ಗಾಜಿನ ಪುಡಿ ಇರಬಹುದು ಎಂದು ಬರೆದಿದ್ದರು. ಅದು ಖಚಿತವಾದರೆ ಆಕೆಯ ಕೆಲಸ ಹೋಗುತ್ತದೆ, ಮುಂದಿನದು ಪೊಲೀಸರದು. ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಇದು ಗಾಜಿನ ಪುಡಿಯೇ?

ಸಿಲಿಕಾ ಎಂಬ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ. ಮರಳಿನಲ್ಲೂ ಅದೇ, ಗಾಜಿನಲ್ಲೂ ಅದೇ. ಜೋಳದ ದಂಟು ಸುಟ್ಟ ಬೂದಿಯಲ್ಲೂ ಅದೇ. ನಮ್ಮ ಕಡೆ ಕಾಳಿಗೆ ಹುಳು ಬೀಳಬಾರದೆಂದು ಬೂದಿ ಕಲಸಿ ಇಡುತ್ತಾರೆ. ನಮ್ಮ ಅವ್ವನೂ ಇಡುತ್ತಿದ್ದಳು. ಅಡುಗೆಗೆ ಮೊದಲು ಎರಡು ನೀರಿನಲ್ಲಿ ತೊಳೆದರೆ ಮುಗಿಯಿತು. ಬಾಟಲಿಯ ಬಿಳಿ ಗರಸು ನೋಡಿದಾಗ ನನಗೆ ಮೊದಲು ನೆನಪಾದದ್ದು ಅವ್ವನ ಕಾಳಿನ ಗಡಿಗೆ. ಹಾಗೆ ನೆನಪಾದದ್ದೇ ನನ್ನ ಹೆದರಿಕೆಗೆ ಕಾರಣ.

ಚಿಟಿಕೆ ಗರಸನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಅಂಗಿಯ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆಗೆ ಅಂಟಿಸಿದೆ. ಮೇಲೆ ಚಿನ್ನದ ತೆಳುವಾದ ಲೇಪ ಕೊಟ್ಟೆ. ಲೇಪವಿಲ್ಲದಿದ್ದರೆ ಕಣಗಳ ಮೇಲೆ ವಿದ್ಯುತ್ತು ಕಟ್ಟಿಕೊಂಡು ಚಿತ್ರವೆಲ್ಲ ಬೆಳ್ಳಗೆ ಉರಿದುಹೋಗುತ್ತದೆ. ಬಿಲ್ಲೆಯನ್ನು ಒಳಗಿಟ್ಟು, ಗಾಳಿ ಹೊರಗೆಳೆಯುವ ಪಂಪಿನ ಸದ್ದು ಸಣ್ಣದಾಗುವವರೆಗೆ ಕಾದು, ಪರದೆ ಬೆಳಗಿಸಿದೆ.

ಡಮರುಗಳು ಕಂಡವು. ಎರಡು ತುದಿ ಉಬ್ಬಿ, ನಡು ಸಣ್ಣಗಾದ ಪುಟ್ಟ ಡಮರುಗಳು. ಒಂದು ಕೂದಲಿನ ಅಗಲದಲ್ಲಿ ನಾಲ್ಕಾರು ಸಾಲಾಗಿ ನಿಲ್ಲುವಷ್ಟು ಸಣ್ಣವು. ಜೋಳದ ಗರಿಯಲ್ಲಿ ಸಿಲಿಕಾ ಗಟ್ಟಿಯಾಗುವುದು ಈ ಆಕಾರದಲ್ಲೇ. ಗಿಡ ಸುಟ್ಟರೂ ಅವು ಸುಡುವುದಿಲ್ಲ. ಇದು ಬೂದಿಯೇ ಎಂದು ಕುರ್ಚಿಯಿಂದ ಎದ್ದುಬಿಟ್ಟೆ.

ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರು ನಿಂತಿದ್ದರು. "ಖುಷಿಯಾಯಿತಾ?" ಎಂದರು.

"ಹೌದು ಸಾರ್. ಬೂದಿ."

"ಹಾಗಾದರೆ ಇಲ್ಲಿ ನಿಲ್ಲಬೇಡ. ಖುಷಿ ಕೊಡುವ ಜಾಗ ಬಿಟ್ಟು ಬೇರೆ ಕಡೆ ಹುಡುಕು. ನಿನ್ನ ಮಾತು ಸುಳ್ಳು ಮಾಡುವಂಥದ್ದು ಏನಾದರೂ ಇದೆಯಾ ನೋಡು."

ಬಿಲ್ಲೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಉತ್ತ ಹೊಲದ ಸಾಲಿನಂತೆ, ಸರಿಸುತ್ತ ಹೋದೆ. ಡಮರು, ಡಮರು, ಸುಟ್ಟ ತೊಗಟೆ, ಮರಳಿನ ಉರುಟು ಕಣ, ಮತ್ತೆ ಡಮರು. ಆಮೇಲೆ ಪರದೆಯ ಮೂಲೆಯಿಂದ ಒಂದು ಚೂರು ಒಳಗೆ ಬಂತು. ಉಳಿದವುಗಳ ಮುಂದೆ ಅದು ಬಂಡೆಯಷ್ಟು ದೊಡ್ಡದು. ಅಂಚುಗಳು ಕತ್ತಿಯಂತೆ. ಮುರಿದ ಮೈಮೇಲೆ ಚಿಪ್ಪಿನ ಗೆರೆಗಳಂಥ ಬಾಗಿದ ಗೆರೆಗಳು. ಕಣದಲ್ಲಿ ಯಾವ ಧಾತುಗಳಿವೆ ಎಂದು ಹೇಳುವ ಉಪಕರಣವನ್ನು ಅದರ ಮೇಲೆ ತಿರುಗಿಸಿದೆ. ಸಿಲಿಕಾನ್, ಕ್ಯಾಲ್ಸಿಯಂ, ಸೋಡಿಯಂ.

ಗಾಜು.

ಒಂದೇ ಅಲ್ಲ, ಹುಡುಕಿದಾಗ ಇನ್ನೂ ಕೆಲವು ಸಿಕ್ಕವು. ಮುಖ್ಯಸ್ಥರು ಬಹಳ ಹೊತ್ತು ನೋಡಿದರು. "ಸರಿ. ಗಾಜು ಇದೆ. ಅರೆದ ಗಾಜೋ? ಅರೆದ ಗಾಜು ಹೇಗಿರುತ್ತದೆ ಅಂತ ನೀನು ನೋಡಿದ್ದೀಯಾ, ಅಥವಾ ಊಹೆಯೋ?"

ಊಹೆಯೇ ಆಗಿತ್ತು. ಮರುದಿನ ಒಂದು ಸೀಸೆ ಒಡೆದು, ಖಾರ ಅರೆಯುವಂತೆ ಕಲ್ಲಿನಲ್ಲಿ ಅರೆದು, ಅದನ್ನೂ ಬಿಲ್ಲೆಗೆ ಅಂಟಿಸಿ ನೋಡಿದೆ. ಆಮೇಲೆ, ತೊಳೆದದ್ದರಿಂದಲೇ ಏನಾದರೂ ಕಳೆದುಹೋಗಿರಬಹುದೆಂಬ ಅನುಮಾನ ಬಂದು, ಬಾಟಲಿಯ ಗರಸನ್ನು ತೊಳೆಯದೆ ಇನ್ನೊಂದು ಬಿಲ್ಲೆ ಮಾಡಿದೆ. ಅದರಲ್ಲಿ ಕಂಡದ್ದರ ಬಗ್ಗೆ ನನಗೆ ಪೂರ್ತಿ ಧೈರ್ಯವಿರಲಿಲ್ಲ. ಆ ಫೋಟೋಗಳನ್ನು ಲಕೋಟೆಯ ತಳದಲ್ಲಿ ಇಟ್ಟೆ.

ವಿಚಾರಣೆಗೆ ಪರೀಕ್ಷೆ ಮಾಡಿದವರೇ ಬರಬೇಕೆಂದು ಕರೆ ಬಂತು. "ನೀನೇ ಹೋಗು. ಅವರ ಮಾತು ನಿನಗೆ ಗೊತ್ತು" ಎಂದರು ಮುಖ್ಯಸ್ಥರು. "ಆದರೆ ಫೋಟೋದಲ್ಲಿ ಇರುವಷ್ಟೇ ಹೇಳು. ಕಡಿಮೆಯೂ ಬೇಡ, ಹೆಚ್ಚೂ ಬೇಡ."

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಇಳಿದು ಕೋಗಳಿ ಬಸ್ಸಿಗೆ ಕಾಯುತ್ತಿದ್ದಾಗ, ತೆಳ್ಳನೆಯ ಮನುಷ್ಯನೊಬ್ಬ ಬಂದು ನನ್ನ ಲಕೋಟೆಯನ್ನೇ ನೋಡುತ್ತ ನಿಂತ.

"ಬೆಂಗಳೂರಿನ ಫೋಟೋದವರು ನೀವೇ ಏನ್ರಿ?"

"ಹೂಂ, ನಾನೇ."

"ನಾನು ಓಬಣ್ಣ. ದುರುಗಮ್ಮನ ಗಂಡ."

ವಿಚಾರಣೆಗೆ ಮೊದಲು ನಾವು ಮಾತಾಡಬಾರದು ಎಂದೆ.

"ಮಾತಾಡಬ್ಯಾಡ್ರಿ. ಚಾ ಕುಡೀರಿ. ಚಾ ಕುಡಿಯಾಕ ಸರ್ಕಾರದ ಆರ್ಡರ್ ಏನೂ ಬೇಕಾಗಿಲ್ಲ."

ಹೋಟೆಲಿನ ಹೊರಗೆ ನಿಂತೇ ಕುಡಿದೆವು. ಅವನು ಒಳಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಊರು ಕೇಳಿದ, ಹೇಳಿದೆ. ಹೆಸರು ಕೇಳಿದ. ಹಾಲಸ್ವಾಮಿ ಎಂದಾಗ ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಂತಾಯಿತು.

"ಸ್ವಾಮ್ಯಾರು! ಆಗ್ಲಿ. ನಾಗಲಿಂಗಮ್ಮಗ ನಿಮ್ಮ ಹೆಸರು ಕೇಳಿದ್ರ ಸಾಕು, ನಮ್ಮವರ ಬಂದ್ರು ಅಂತ ಅರ್ಧ ಕೇಸು ಗೆದ್ದಂಗ." ರಕ್ತ ಬಂದ ಹುಡುಗಿಯ ಅಜ್ಜಿ ನಾಗಲಿಂಗಮ್ಮ, ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ಆಕೆಯದೇ ಎಂದು ಅವನೇ ಹೇಳಿದ. "ಮೊದಲಿಂದಾನೂ ಆಕಿಗೆ ನಮ್ಮ ದುರುಗಿ ಕೈಯಾಗಿನ ಅಡಿಗಿ ಅಂದ್ರ ಗಂಟಲಾಗ ಇಳಿಯಂಗಿಲ್ಲ. ಮೊಮ್ಮಗಳನ್ನ ಕಳಸ್ತಾಳ, ಆದ್ರ ಕಳಿಸಿ ಬಾಗಿಲದಾಗ ನಿಂತು ನೋಡ್ತಾಳ."

ಅವನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದ. ಅದೇ ಬಾಲವಾಡಿಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ. ನಾನೂ ಸಂಜೆ ಓದಿದವನೇ ಎಂದೆ. ಮೊದಲ ಸಲ ನಕ್ಕ. ನಕ್ಕವನು ತಕ್ಷಣ ಹತ್ತಿರ ಬಂದು ದನಿ ತಗ್ಗಿಸಿದ.

"ಬೂದಿ ಅಂತ ಒಂದು ಮಾತು ಹೇಳಿಬಿಡ್ರಿ. ಸುಳ್ಳಲ್ಲ, ಬೂದಿ ಇದ್ದೇ ಐತಿ. ಗಾಜಿನ ಹೆಸರ ಎತ್ತಬ್ಯಾಡ್ರಿ."

"ಕಂಡದ್ದು ಹೇಳ್ತೀನಿ ಓಬಣ್ಣ."

"ಕಂಡದ್ದು ಹೇಳಾಕ ಬೆಂಗಳೂರಿಂದ ಯಾಕ ಬರಬೇಕಿತ್ತು? ನಮ್ಮೂರಾಗ ಎಲ್ಲಾರೂ ಅದನ್ನೇ ಮಾಡಾಕತ್ತಾರ. ಕಾಣದ್ದನ್ನೂ ಹೇಳಾಕತ್ತಾರ." ಲೋಟವನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ. "ಆ ಕೆಲಸ ಹೋದ್ರ ಆಕಿ ಮತ್ತ ಆ ಅರ್ಜಿ ಕೊಟ್ಟವರ ಹೊಲದಾಗ ಕಳಿ ತೆಗಿಯಾಕ ಹೋಗಬೇಕು. ಅವರದೇ ಹೊಲದಾಗ. ಅದಕ್ಕ ಕಾಯಾಕತ್ತಾರ ಅವರು."

ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ ಕೂತೆವು.

ಬಾಲವಾಡಿ ಒಂದೇ ಕೋಣೆಯ ಕಟ್ಟಡ. ಟೀಚರು ಹೆರಿಗೆಯ ರಜೆಯಲ್ಲಿದ್ದರು. ಅರ್ಜಿ ಬಂದ ದಿನದಿಂದ ಕೋಣೆಗೆ ಬೀಗ ಹಾಕಿದ್ದರು. ವಿಚಾರಣಾಧಿಕಾರಿ ವೀರಭದ್ರಯ್ಯನವರು ಅದನ್ನು ಆವತ್ತೇ ತೆಗೆಸಿದ್ದರು. ಅವರು ಮೇಜಿನ ಹಿಂದೆ ಕೂತಿದ್ದರು. ಒಂದು ಬದಿಗೆ ನಾಗಲಿಂಗಮ್ಮ, ಅವಳ ಹಿಂದೆ ಐದಾರು ಗಂಡಸರು. ಇನ್ನೊಂದು ಬದಿಗೆ, ಒಲೆಯ ಮೂಲೆಯಲ್ಲಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು. ಕೂತುಕೊಳ್ಳಲು ಹೇಳಿದರೂ ಆಕೆ ಕೂತಿರಲಿಲ್ಲ. ಅವಳೇ ದುರುಗಮ್ಮ. ಓಬಣ್ಣ ಬಾಗಿಲ ಹೊಸ್ತಿಲ ಹೊರಗೇ ಉಳಿದ.

"ಕಾಳಿಗೆ ಬೂದಿ ಹಾಕಿದ್ದು ಹೌದಾ?" ವೀರಭದ್ರಯ್ಯ ಕೇಳಿದರು.

"ಹಾಕೀನ್ರಿ. ಹಾಕದಿದ್ರ ಹುಳ ತಿನಿಸಬೇಕಾಗಿತ್ತು ಹುಡುಗ್ರಿಗೆ. ಬೂದಿ ಜರಡಿ ಹಿಡದೀನಿ. ಕಾಳು ತೊಳದೀನಿ. ನನ್ನ ಬೂದ್ಯಾಗ ಗಾಜು ಇಲ್ಲ, ಗೀಜು ಇಲ್ಲ."

"ಬಂಗಾರ ಇತ್ತೇನವ್ವ ಹಂಗಾರ?" ಎಂದಳು ನಾಗಲಿಂಗಮ್ಮ. "ನನ್ನ ಮೊಮ್ಮಗಳ ಬಾಯಾಗ ರಕ್ತ ಬಂದಿದ್ದು ಬೂದಿಗೆ ಏನು? ಬೂದಿ ನಾವು ಹಣಿಗೆ ಹಚ್ಚಿಕೊಂತೀವಿ, ರಕ್ತ ಬಂದಿಲ್ಲ."

ಗಂಡಸರು ನಕ್ಕರು. ವೀರಭದ್ರಯ್ಯ ನನ್ನ ಕಡೆ ತಿರುಗಿದರು. "ಹೇಳ್ರಿ. ಗಾಜು ಐತೋ ಇಲ್ಲೋ? ಒಂದೇ ಮಾತಿನಾಗ ಹೇಳ್ರಿ."

ನಾನು ಡಮರುವಿನ ಫೋಟೋವನ್ನು ಮೊದಲು ತೋರಿಸಬೇಕೆಂದು ಇದ್ದೆ. ಬೂದಿಯಿಂದ ಆರಂಭಿಸಿ, ಮೆಲ್ಲಗೆ ಗಾಜಿನ ಮಾತಿಗೆ ಬರಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅದೆಲ್ಲ ಹಾರಿಹೋಯಿತು. ಹೊಸ್ತಿಲಿನಲ್ಲಿ ಓಬಣ್ಣ ನನ್ನನ್ನೇ ನೋಡುತ್ತಿದ್ದ.

"ಐತ್ರಿ" ಎಂದೆ.

ಕೋಣೆ ಒಮ್ಮೆಲೇ ಎದ್ದು ನಿಂತಂತಾಯಿತು. "ಕೇಳಿದ್ರೇನು? ಅವರ ಬಾಯಾಗಿಂದಾನ ಬಂತು!" ಎಂದು ಒಬ್ಬ ಕೂಗಿದ. ನಾಗಲಿಂಗಮ್ಮ ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡಳು. ದುರುಗಮ್ಮ ನನ್ನನ್ನು ನೋಡಿದ ನೋಟವನ್ನು ನಾನು ತಡೆದುಕೊಳ್ಳಲಾರದೆ ಲಕೋಟೆಯ ದಾರ ಬಿಚ್ಚತೊಡಗಿದೆ. ದಾರ ಗಂಟಾಯಿತು.

"ಇನ್ನೂ ಐತ್ರಿ ಹೇಳೋದು" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ವೀರಭದ್ರಯ್ಯ ಮೇಜು ಗುದ್ದಿದ ಮೇಲೆ ಗದ್ದಲ ನಿಂತಿತು. "ಗಾಜು ಐತಿ. ಅರೆದ ಗಾಜು ಅಲ್ಲ."

ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟೆ. "ಇದು ನಾನೇ ಅರೆದು ನೋಡಿದ ಗಾಜು. ನೋಡ್ರಿ, ಒಂದು ದೊಡ್ಡ ಚೂರಿನ ಸುತ್ತ ಹಿಟ್ಟಿನಂಗ ಎಷ್ಟು ಸಣ್ಣ ಪುಡಿ ಐತಿ. ಗಾಜು ಅರೆದ್ರ ಹಿಟ್ಟು ಬೀಳಲೇಬೇಕು. ಇದು ಬಾಲವಾಡಿಯ ಗರಸು. ಇಲ್ಲಿ ಕೆಲವೇ ಚೂರು ಅದಾವ, ಗಾಜಿನ ಹಿಟ್ಟು ಇಲ್ಲ. ಸುತ್ತ ಇರೋದೆಲ್ಲ ಜೋಳದ ಬೂದಿ."

"ಆಕಿ ಕಾಳು ತೊಳೆಯೋವಾಗ ಹಿಟ್ಟು ಹೋಗಿರಬಹುದಲ್ರಿ?" ಎಂದರು ವೀರಭದ್ರಯ್ಯ. ಸರಿಯಾದ ಪ್ರಶ್ನೆ. ಅದು ನನಗೂ ಹೊಳೆದಿತ್ತು.

"ಗಾಜಿನ ಹಿಟ್ಟು ತೊಳೆದು ಹೋಗಿದ್ರ ಬೂದೀನೂ ಹೋಗಬೇಕಿತ್ರಿ. ಎರಡರ ಕಣಾನೂ ಅಷ್ಟೇ ಸಣ್ಣವು. ಬೂದಿ ಉಳದೈತಿ."

ಅವರು ತಲೆಯಾಡಿಸಿದರು. ನಾಗಲಿಂಗಮ್ಮ ಮುಂದೆ ಬಂದಳು. "ಚೂರಾದ್ರೇನು, ಹಿಟ್ಟಾದ್ರೇನು? ಕೂಸಿನ ಬಾಯಿಗೆ ಎರಡೂ ಒಂದ. ಅರೀದೆ ಚೂರನ್ನ ಹಂಗ ಹಾಕ್ಯಾಳ."

ಗಾಜನ್ನು ಯಾರು ಯಾಕೆ ಹಾಕಿದರು ಎಂದು ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ಲಕೋಟೆಯ ತಳದಲ್ಲಿದ್ದ ಫೋಟೋ ಮಾತ್ರ ಉಳಿದಿತ್ತು. ಅದನ್ನು ತೆಗೆಯಲೋ ಬೇಡವೋ ಎಂದು ತೋಚದೆ ನಿಂತೆ. ತಪ್ಪಾಗಿ ಓದಿದ್ದರೆ? ಆದರೆ ಕಡಿಮೆ ಹೇಳುವುದೂ ಬೇಡ ಎಂದಿದ್ದರಲ್ಲ. ತೆಗೆದೆ.

"ಇದು ತೊಳೀದೆ ನೋಡಿದ ಚೂರು. ಇದರ ಒಂದು ಮೈ ನುಣುಪು. ಒಡೆಯೋ ಮೊದಲು ಅದು ಗಾಜಿನ ಹೊರಮೈ. ಉಳಿದವು ಮುರಿದ ಮೈ. ನುಣುಪು ಮೈ ಮೇಲೆ ದ್ರಾಕ್ಷಿ ಗೊಂಚಲಿನಂಗ ಕಾಣ್ತೈತಲ್ರಿ, ಅದು ಮಸಿ. ಎಣ್ಣಿ ದೀಪದ ಮಸಿ ಹಿಂಗೇ ಇರ್ತೈತಿ."

"ಬೂದ್ಯಾಗ ಮಸಿ ಇರೋದು ಏನು ಹೊಸಾದು?"

"ಬೂದಿಯ ಮಸಿ ಮೆತ್ತಿಕೊಂಡಿದ್ರ ಎಲ್ಲಾ ಮೈಗೂ ಮೆತ್ತಬೇಕಿತ್ರಿ. ಸಿಕ್ಕ ಒಂದೊಂದು ಚೂರನ್ನೂ ತಿರುಗಿಸಿ ನೋಡೀನಿ. ಮಸಿ ನುಣುಪು ಮೈ ಮೇಲೆ ಮಾತ್ರ ಐತಿ. ಮುರಿದ ಮೈ ಮೇಲೆ ಇಲ್ಲ. ಅಂದ್ರ ಒಡೆಯೋದಕ್ಕಿಂತ ಮೊದಲೇ ಈ ಗಾಜು ಉರಿ ಮುಂದ ಇತ್ತು."

ಒಬ್ಬೊಬ್ಬರ ಕಣ್ಣೂ ಮೇಲಕ್ಕೆ ಹೋಯಿತು. ತೊಲೆಯ ಕೊಂಡಿಗೆ ಸಂಜೆ ಶಾಲೆಯ ಕಂದೀಲು ತೂಗುತ್ತಿತ್ತು. ಅದರ ತಗಡು ಹಳೆಯದು, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಗಾಜು ಮಾತ್ರ ಹೊಚ್ಚ ಹೊಸದು.

ವೀರಭದ್ರಯ್ಯ ಪೆನ್ನು ತೆಗೆದರು. "ಇದೇ ಕಂದೀಲಿನ ಗಾಜು. ಹಂಗಂತ ಬರಕೊಳ್ಳಲೇನ್ರಿ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ದುರುಗಮ್ಮನ ಮುಖ ನನ್ನ ಕಡೆಗೇ ಇತ್ತು.

"ಬ್ಯಾಡ್ರಿ" ಎಂದೆ. "ದೀಪದ ಮುಂದಿನ ಗಾಜು ಅನ್ನೋವರೆಗೆ ಬರಕೊಳ್ರಿ. ಇದೇ ದೀಪ ಅಂತ ನನ್ನ ಫೋಟೋ ಹೇಳಂಗಿಲ್ಲ. ಆ ಹಳೇ ಗಾಜನ್ನ ನಾನು ನೋಡಿಲ್ಲ."

"ದಂಡಿಗೆ ತಂದು ಕೈ ಬಿಟ್ರಲ್ರೀ" ಎಂದಳು ದುರುಗಮ್ಮ. ಸಿಟ್ಟಿನಿಂದಲ್ಲ, ದಣಿದು. ಒಲೆಯ ಮೂಲೆಯಲ್ಲಿ ಅವಳು ಮೊದಲ ಸಲ ಗೋಡೆಗೆ ಒರಗಿದಳು.

ಗಂಡಸರಲ್ಲಿ ಮತ್ತೆ ಗುಜುಗುಜು ಎದ್ದಿತು. ದೀಪ ಎಲ್ಲರ ಮನೆಯಲ್ಲೂ ಇದೆ, ಅವಳ ಮನೆಯಲ್ಲೂ ಇದೆ ಎಂದ ಒಬ್ಬ.

"ನಾನ ಒಡದೀನ್ರಿ."

ಓಬಣ್ಣ ಹೊಸ್ತಿಲು ದಾಟಿ ಒಳಗೆ ಬಂದಿದ್ದ. ಯಾರ ಮುಖವನ್ನೂ ನೋಡದೆ, ಕಂದೀಲನ್ನೇ ನೋಡುತ್ತ ಹೇಳಿದ. "ಪಾಠ ಮುಗಿದ ಮ್ಯಾಲೆ ಗ್ಲಾಸು ಮಸಿ ಹಿಡದಿತ್ತು. ಬಿಸಿ ಇರಬೇಕಾದ್ರನ ತೆಗೆದು, ಆಕಿ ಬೂದಿ ಗಡಿಗ್ಯಾಗ ಒದ್ದಿ ಅರಿವಿ ಅದ್ದಿ ತಿಕ್ಕಿದೆ. ಚಟ್ ಅಂತು. ಗಡಿಗಿ ಒಳಗ ಬಿತ್ತು. ದೊಡ್ಡ ದೊಡ್ಡವು ಆರಿಸಿ ತಗದೆ. ಎಲ್ಲಾ ಬಂದಾವ ಅಂದುಕೊಂಡೆ. ಕೊಟ್ಟೂರು ಸಂತ್ಯಾಗ ಹೊಸಾದು ತಂದು ಹಾಕಿದೆ."

"ಮತ್ತ ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ?" ವೀರಭದ್ರಯ್ಯ ಗದರಿದರು.

"ಮೊದಲು ಆಕಿಗೆ ಅಂಜಿ ಸುಮ್ನಿದ್ದೆ. ಬೂದಿ ಗಡಿಗಿ ಮುಟ್ಟಬ್ಯಾಡ ಅಂತ ನೂರು ಸಲ ಹೇಳ್ಯಾಳ. ಆಮ್ಯಾಲೆ ಇವರು ಅರ್ಜಿ ಕೊಟ್ರು. ಆಗ ಹೇಳಿದ್ರ, ಹೆಂಡ್ತೀನ ಉಳಿಸಾಕ ಗಂಡ ಕಥಿ ಕಟ್ಯಾನ ಅಂತಿದ್ರಿ. ಗಾಜು ಇತ್ತು ಅಂತ ಮೊದಲು ಒಪ್ಪಿದವ ನಾನ ಆಗತಿದ್ದೆ."

ಗಾಜಿನ ಹೆಸರು ಎತ್ತಬೇಡಿ ಎಂದು ನಿಲ್ದಾಣದಲ್ಲಿ ಅವನು ಯಾಕೆ ಬೇಡಿಕೊಂಡ ಎಂದು ಆಗ ತಿಳಿಯಿತು.

ಅಷ್ಟು ದಿನ ಎಲ್ಲರೂ ಕಾಳಿನ ಡಬ್ಬಿಯನ್ನೇ ನೋಡಿದ್ದರು, ಬೂದಿಯ ಗಡಿಗೆಯನ್ನು ಯಾರೂ ಮುಟ್ಟಿರಲಿಲ್ಲ. ವೀರಭದ್ರಯ್ಯ ಅದನ್ನು ತರಿಸಿ, ಒಂದು ಗೋಣಿಚೀಲದ ಮೇಲೆ ಸುರಿಸಿದರು. ನಾಗಲಿಂಗಮ್ಮ ಯಾರೂ ಹೇಳದೆ ಕುಕ್ಕರಗಾಲಿನಲ್ಲಿ ಕೂತು, ಅಕ್ಕಿ ಆರಿಸುವವಳಂತೆ ಬೆರಳಿನಿಂದ ಬೂದಿ ಸರಿಸಿದಳು. ತಳದ ಬೂದಿಯಲ್ಲಿ ಒಂದು ಸಿಕ್ಕಿತು. ಬಾಗಿದ ತೆಳ್ಳನೆಯ ಚೂರು, ಹೆಬ್ಬೆರಳಿನ ಉಗುರಿನಷ್ಟು. ಬಾಗಿದ ಒಳಮೈ ಕಪ್ಪಗಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟು ಬಾಗಿಲ ಬೆಳಕಿಗೆ ಹಿಡಿದಳು. ಆಮೇಲೆ ತೆಪ್ಪಗೆ ಮೇಜಿನ ಮೇಲೆ ಇಟ್ಟಳು.

"ಲೇ" ಎಂದಳು ದುರುಗಮ್ಮ ಗಂಡನಿಗೆ. ಅಷ್ಟೇ. ಸೆರಗಿನಿಂದ ಮುಖ ಒರೆಸಿಕೊಂಡು ವೀರಭದ್ರಯ್ಯನವರ ಕಡೆ ತಿರುಗಿದಳು. "ನಂದೂ ಬರಕೊಳ್ರಿ. ಗಡಿಗಿ ತುಂಬೋವಾಗ ಬೂದಿ ಜರಡಿ ಹಿಡೀತೀನಿ. ತಗದು ಕಾಳಿಗೆ ಹಾಕೋವಾಗ ಮತ್ತ ಹಿಡಿಯಂಗಿಲ್ಲ. ಹಿಡದಿದ್ರ ಸಿಗತಿತ್ತು."

"ಅದನ್ನೂ ಬರೀತೀನಿ" ಎಂದರು ಅವರು. "ಗಾಜು ಕೈತಪ್ಪಿ ಬಿದ್ದದ್ದು, ಬೇಕಂತ ಹಾಕಿದ್ದಲ್ಲ ಅಂತಾನೂ ಬರೀತೀನಿ. ಸೋಮವಾರದಿಂದ ಕೆಲಸಕ್ಕ ಬಾ. ಮ್ಯಾಲಿನವರು ಬ್ಯಾರೆ ಅಂದ್ರ ತಿಳಸ್ತೀನಿ."

ಗಂಡಸರು ಒಬ್ಬೊಬ್ಬರಾಗಿ ಹೊರಟರು. ನಾಗಲಿಂಗಮ್ಮ ಬಾಗಿಲಲ್ಲಿ ನಿಂತು, "ಸೋಮವಾರ ನಾನೂ ಬರತೀನಿ. ನೋಡಾಕ" ಎಂದಳು.

"ಯಾವತ್ತು ನೋಡಿಲ್ರೀ ನೀವು?" ಎಂದಳು ದುರುಗಮ್ಮ. "ಈ ಸಲ ಒಳಗ ಬಂದು ನೋಡ್ರಿ. ಬಾಗಿಲದಾಗ ನಿಂತ್ರ ಬೆಳಕಿಗೆ ಅಡ್ಡ ಆಗ್ತೈತಿ."

ನಾನು ಫೋಟೋಗಳನ್ನು ಲಕೋಟೆಗೆ ಸೇರಿಸುತ್ತಿದ್ದೆ. ದುರುಗಮ್ಮ ಹತ್ತಿರ ಬಂದು ಡಮರುವಿನ ಫೋಟೋವನ್ನು ಕೈ ಒರೆಸಿಕೊಂಡು ಎತ್ತಿಕೊಂಡಳು.

"ಇದು ನಮ್ಮ ಬೂದಿ ಏನ್ರಿ?"

"ಹೌದಮ್ಮ. ಜೋಳದ ಗರಿಯೊಳಗ ಇರ್ತಾವು."

ಬಹಳ ಹೊತ್ತು ನೋಡಿದಳು. "ಇಷ್ಟು ಸಣ್ಣದು ಕಂಡೈತಿ ನಿಮಗ. ಇವ ಮುಚ್ಚಿಟ್ಟಿದ್ದು ಕಂಡಿರಲಿಲ್ಲ?"

"ಇಲ್ಲಮ್ಮ. ಬಸ್ ಸ್ಟ್ಯಾಂಡಿನಾಗ ಕೂಡಿ ಚಾ ಕುಡಿದ್ವಿ. ಆಗಲೂ ಕಾಣಲಿಲ್ಲ."

ಅವಳಿಗೆ ನಗು ಬಂತು, ತಡೆದುಕೊಂಡಳು. ಫೋಟೋ ನನ್ನ ಕೈಗೆ ಕೊಟ್ಟು, ನೆಲದ ಮೇಲಿನ ಗೋಣಿಚೀಲದ ನಾಲ್ಕು ಮೂಲೆಗಳನ್ನು ಜೋಡಿಸಿ ಬೂದಿಯನ್ನು ಗಂಟು ಕಟ್ಟಿದಳು. ತಿಪ್ಪೆಗೆ ಒಯ್ಯುವಂತಿತ್ತು. ಓಬಣ್ಣ ಬೇಗನೆ ಬಾಗಿ ಖಾಲಿ ಗಡಿಗೆಗೆ ಕೈ ಹಾಕಿದ.

"ಮುಟ್ಟಬ್ಯಾಡ" ಎಂದಳು ಅವಳು.

ಅವನು ಕೈ ತೆಗೆದ.